ಅತ್ತೆಯ ಸೊಂಟದ ಕೀಲಿಕೈ, ಪಕ್ಕದ ಮನೆಯಾಕೆಯ ಹಿಡಿತ

ಒಬ್ಬಳು ನಾಲ್ಕು ಕಾಸು ಉಳಿಸಿದರೆ ಇನ್ನೊಬ್ಬಳ ಹೊಟ್ಟೆ ಉರಿಯುವ ಪ್ರಸಂಗ ನಮ್ಮ ಕೊಟ್ಟೂರಿನ ಓಣಿಯಲ್ಲಿ ವಾರಕ್ಕೊಂದಾದರೂ ಆಗುತ್ತಿತ್ತು. ಉಳಿಸುತ್ತಿದ್ದವಳು ಪಕ್ಕದ ಮನೆಯ ಕಾಂಪೌಂಡರ್ ಹೆಂಡತಿ. ಹೊಟ್ಟೆ ಉರಿಸಿಕೊಳ್ಳುತ್ತಿದ್ದವಳು ನಾನು. ಈ ವಯಸ್ಸಿನಲ್ಲಿ ಮುಚ್ಚಿಡುವುದೇನಿದೆ, ಉರಿದದ್ದು ಖರೆ.

ಇದು ಎಪ್ಪತ್ತರ ದಶಕದ ಕೊನೆಯ ಮಾತು. ನಾನು ಪ್ರೈಮರಿ ಸಾಲಿ ಟೀಚರ್. ನಮ್ಮ ಯಜಮಾನರು ಕೂಡ್ಲಿಗಿಯಲ್ಲಿ ಗುಮಾಸ್ತರು, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದರು. ಮನೆಯ ಆಡಳಿತವೆಲ್ಲ ನಮ್ಮತ್ತೆಯದು. ಅಡುಗೆಮನೆಯಲ್ಲಿ ಒಂದು ಗೋಡೆ ಅಲಮಾರಿ ಇತ್ತು. ಸಕ್ಕರೆ, ಚಹಾಪುಡಿ, ತುಪ್ಪ, ಬೆಲ್ಲ, ಬಂದ ಹೆಂಗಸರಿಗೆ ಉಡಿ ತುಂಬಲು ರವಿಕೆ ಬಟ್ಟೆಯ ಜಂಪರ್ ಪೀಸು, ಎಲ್ಲಾ ಅದರೊಳಗೆ. ಅದರ ಕೀಲಿಕೈ ಅತ್ತೆಯ ಸೊಂಟದಲ್ಲಿ. ಐವತ್ತು ಮಕ್ಕಳನ್ನು ಬರೀ ಕಣ್ಣು ಬಿಟ್ಟು ಕೂಡಿಸುವ ನಾನು, ಮನೆಗೆ ಬಂದು ಚಹಾ ಕುಡಿಯಬೇಕೆಂದರೆ ಬಟ್ಟಲು ಹಿಡಿದು "ಅತ್ತೀ, ಎರಡು ಚಮಚ ಸಕ್ಕರಿ" ಅಂತ ನಿಲ್ಲಬೇಕಿತ್ತು.

ಒಂದು ದಿನ ಧೈರ್ಯ ಮಾಡಿ ಕೇಳಿದೆ. "ಅತ್ತೀ, ಮದುವಿ ಆಗಿ ಎಂಟು ವರ್ಸ ಆತು. ಕೀಲಿಕೈ ನನಗ್ಯಾವಾಗ ಕೊಡ್ತೀರಿ?"

ಅತ್ತೆ ಎಲೆಗೆ ಸುಣ್ಣ ಸವರುತ್ತಾ ಅಂದರು: "ಆ ಕಾಂಪೌಂಡರ್ ಹೆಂಡ್ತಿ ಹಂಗ ಹಿಡಿತದಾಗ ಮನಿ ನಡಸೋದು ಕಲಿ. ಕಲ್ತ ದಿನ ನಾನಾ ಕರದು ಕೊಡ್ತೀನಿ."

ಅವತ್ತಿನಿಂದ ಶುರುವಾಯಿತು ನನ್ನ ಪಾಡು.

ಗಿಳಿಹಸಿರು ಜಂಪರ್ ಪೀಸು

ಕಾಂಪೌಂಡರ್ ಹೆಂಡತಿ ಜನ್ಮದಲ್ಲಿ ಜಂಪರ್ ಪೀಸು ಕೊಂಡವಳಲ್ಲ. ಆ ಮನೆಯಲ್ಲಿ ಉಡಿಗೆ ಬಂದದ್ದು ಈ ಮನೆಯ ಉಡಿಗೆ, ಈ ಮನೆಯದ್ದು ಮುಂದಿನ ಮನೆಗೆ. ಯಾರು ಯಾವುದು ಕೊಟ್ಟರು ಅನ್ನುವುದು ಆಕೆಯ ತಲೆಯಲ್ಲಿ ಅಚ್ಚು ಹೊಡೆದಂತೆ ಇರುತ್ತಿತ್ತು. "ಬಾಯಿಪಾಠ ಅಂದ್ರ ಇದು. ನೀ ಮಕ್ಕಳಿಗೆ ಮಗ್ಗಿ ಹೇಳಿ ಏನ್ ಬಂತು?" ಅಂತ ಅತ್ತೆ ನನ್ನನ್ನು ಚುಚ್ಚುತ್ತಿದ್ದರು.

ನಾನೂ ನೋಡೇಬಿಡೋಣ ಅಂದುಕೊಂಡೆ. ಅದೇ ತಿಂಗಳು ಕಾಂಪೌಂಡರ್ ಹೆಂಡತಿಯ ಬಸುರಿ ತಂಗಿಗೆ ಕುಬುಸದ ಕಾರ್ಯ. ಹೊಸದೇನೂ ಕೊಳ್ಳದೆ, ನನ್ನ ಟ್ರಂಕಿನಲ್ಲಿದ್ದ ಒಂದು ಗಿಳಿಹಸಿರು ಪೀಸು ತೆಗೆದುಕೊಂಡು ಹೋಗಿ, ಎಲ್ಲರ ಎದುರಿಗೆ ಠೀವಿಯಿಂದ ಆ ಬಸುರಿಯ ಉಡಿಗೆ ಹಾಕಿದೆ. ಅತ್ತೆಯ ಕಡೆ ಒಮ್ಮೆ ನೋಡಿದೆ ಕೂಡ.

ಕಾಂಪೌಂಡರ್ ಹೆಂಡತಿ ಆ ಪೀಸಿನ ಮೂಲೆ ಎತ್ತಿ ನೋಡಿದಳು. ಅಲ್ಲಿ ಸಾಸಿವೆ ಕಾಳಿನಷ್ಟು ಮಸಿ ಕಲೆ ಇತ್ತು. "ಅಯ್ಯ ಶಿವನೇ! ಟೀಚರ್ರ, ಇದು ಹೋದ ಶ್ರಾವಣದಾಗ ನಾನಾ ನಿಮಗ ಕೊಟ್ಟಿದ್ದಲ್ರೀ?" ಅಂದಳು. ಕೂತಿದ್ದ ಹೆಂಗಸರೆಲ್ಲ ಸೆರಗು ಬಾಯಿಗೆ ಹಚ್ಚಿಕೊಂಡರು. ನನಗೆ ಭೂಮಿ ಬಾಯಿ ಬಿಟ್ಟರೆ ಸಾಕು ಅನ್ನಿಸಿತು.

ಆಕೆಗೆ ಮಾತ್ರ ಒಂಚೂರೂ ಬೇಜಾರಾಗಲಿಲ್ಲ. ಕಾರ್ಯ ಮುಗಿದು ಹಿರಿಯರಿಗೆ ಉಡಿ ತುಂಬುವಾಗ ಅದೇ ಗಿಳಿಹಸಿರು ಪೀಸನ್ನು ನಮ್ಮತ್ತೆಯ ಉಡಿಗೆ ಹಾಕಿ ಕಾಲಿಗೆ ಬಿದ್ದಳು. ಸಂಜೆ ಹೊತ್ತಿಗೆ ಅದು ನಮ್ಮ ಅಲಮಾರಿಯಲ್ಲೇ ಇತ್ತು. ಅತ್ತೆ ಕೀಲಿ ಹಾಕುತ್ತಾ ಅಂದರು: "ನೋಡು, ಕೊಟ್ಟಾಂಗೂ ಆತು, ಇಸಗೊಂಡಾಂಗೂ ಆತು, ನಮಸ್ಕಾರನೂ ಆತು. ನೀ ಮಾಡಿದ್ದು ಏನು? ಬರೀ ಹೊತ್ತಗೊಂಡು ಹೋದಿ."

"ಮತ್ತು ಇತರರು"

ಕಾನಹೊಸಹಳ್ಳಿಯಲ್ಲಿ ಒಂದು ಮದುವೆ. ನಮಗೂ ಕಾಂಪೌಂಡರ್ ಮನೆಗೂ ಬೇಕಾದವರದು. ಕಾಂಪೌಂಡರ್ ಹೆಂಡತಿ ತಾನಾಗಿ ಬಂದು, "ಟೀಚರ್ರ, ಇಬ್ರೂ ಬ್ಯಾರೆ ಬ್ಯಾರೆ ಯಾಕ ಕೊಡೋದು? ಕೂಡಿ ಒಂದು ಸ್ಟೀಲ್ ಕೊಡಪಾನ ಕೊಡೋಣ್ರಿ. ನೋಡಾಕೂ ದೊಡ್ಡದು ಕಾಣ್ತೈತಿ" ಅಂದಳು. ಅತ್ತೆಯ ಮುಖ ಅರಳಿತು. ಈ ಐಡಿಯಾ ನನಗ್ಯಾಕೆ ಹೊಳೆಯಲಿಲ್ಲ ಅಂತ ಒಳಗೊಳಗೇ ಸಂಕಟ. ಆದರೂ ಒಪ್ಪಿದೆ. ಸಾಲಿ ಬಿಟ್ಟ ಮೇಲೆ ನಾನೇ ಹೋಗಿ ಕೊಡಪಾನ ಆರಿಸಿ ತಂದೆ. ಹೆಸರು ಹಾಕಿಸುವುದು ಆಕೆಯ ಪಾಲಿನ ಕೆಲಸ ಅಂತಾಯಿತು. ಆಗ ಪಾತ್ರೆ ಉಡುಗೊರೆ ಕೊಟ್ಟರೆ ಮೇಲೆ ಕೊಟ್ಟವರ ಹೆಸರು ಕೊರೆಸಲೇಬೇಕು, ಇಲ್ಲದಿದ್ದರೆ ಕೊಟ್ಟಿದ್ದೂ ಒಂದೇ, ಬಿಟ್ಟಿದ್ದೂ ಒಂದೇ. ಕೊರೆಯುವವನು ಅಕ್ಷರಕ್ಕಿಷ್ಟು ಅಂತ ತೆಗೆದುಕೊಳ್ಳುತ್ತಿದ್ದ.

ಮದುವೆ ಮನೆಯಲ್ಲಿ ಉಡುಗೊರೆ ಓದುವವನು ಒಬ್ಬ ಇದ್ದ. ದೊಡ್ಡ ಗಂಟಲು. ನಮ್ಮ ಕೊಡಪಾನ ಎತ್ತಿ ಹಿಡಿದ. ನಾನು ಸೆರಗು ಸರಿ ಮಾಡಿಕೊಂಡು ನೆಟ್ಟಗೆ ಕೂತೆ. ಆತ ಮೈಕಿನಲ್ಲಿ ಓದಿದ: "ಕೊಟ್ಟೂರು ಕಾಂಪೌಂಡರ್ ದಂಪತಿಗಳು ಮತ್ತು ಇತರರು!"

ನನಗೆ ತಡೆಯಲಾಗಲಿಲ್ಲ. "ಅಲ್ರೀ ಅಕ್ಕಾರ, ಆರಿಸಿ ತಂದಾಕಿ ನಾನು. ನಾನು ಇತರರಾ?" ಅಂದೆ.

"ಸಿಟ್ಟಾಗಬ್ಯಾಡ್ರಿ ಟೀಚರ್ರ. ನಿಮ್ಮ ಯಜಮಾನ್ರ ಹೆಸರು ಭಾಳ ಉದ್ದ. ಇತರರು ಅಂದ್ರ ನಾಲ್ಕಾ ಅಕ್ಷರಕ್ಕ ಮುಗೀತು" ಅಂದಳು.

ಅತ್ತೆ ಹಿಂದಿನಿಂದ ಬಾಗಿ ನನ್ನ ಕಿವಿಯಲ್ಲಿ ಹೇಳಿದರು: "ನಮ್ಮ ಹೆಸರಿನ್ಯಾಗ ಸುದ್ದಾ ಉಳಿಸ್ಯಾಳ ನೋಡು! ನಿನಗ ಕೊಟ್ಟಿದ್ರ ಪೂರ್ತಿ ಮನಿತನದ ಹೆಸರು ಕೊರಸ್ತಿದ್ದಿ."

ಗೋಡೆಯಾಚೆಯ ರೇಡಿಯೋ

ನಮ್ಮ ಮನೆಗೂ ಅವರ ಮನೆಗೂ ಒಂದೇ ಗೋಡೆ. ರೇಡಿಯೋ ನಮ್ಮದು, ಕೇಳುತ್ತಿದ್ದವರು ಅವರು. ವಾರ್ತೆ ಶುರುವಾದರೆ ಗೋಡೆಗೆ ಟಕಟಕ ಬಡಿದು "ಟೀಚರ್ರ, ಒಂಚೂರು ಸೌಂಡ್ ಏರಸ್ರಿ, ಕೇಳಸವಲ್ದು" ಅಂತ ಕೂಗುತ್ತಿದ್ದಳು. ಪುಕ್ಕಟೆ ರೇಡಿಯೋ ಇಟ್ಟುಕೊಂಡವಳನ್ನು ಕಂಡು ನನ್ನ ಮೈಯೆಲ್ಲ ಉರಿಯುತ್ತಿತ್ತು. ನಾನೂ ಹಿಡಿತ ತೋರಿಸಬೇಕಲ್ಲ, ಒಂದು ಭಾನುವಾರ ಸೌಂಡನ್ನು ಪಿಸುಮಾತಿಗೆ ಇಳಿಸಿದೆ.

ಐದು ನಿಮಿಷ ಆಗಿರಲಿಲ್ಲ. ಕಾಂಪೌಂಡರು, ಹೆಂಡತಿ, ಅವರ ಮನೆಗೆ ಬಂದಿದ್ದ ಇಬ್ಬರು ನೆಂಟರು, ನಾಲ್ವರೂ ನಮ್ಮ ಪಡಸಾಲೆಯಲ್ಲಿ ಬಂದು ಕೂತರು. "ನಿಮ್ಮ ರೇಡಿಯೋಕ್ಕ ಏನೋ ಆಗೈತಿ, ಹತ್ರ ಕುಂತಾ ಕೇಳಬೇಕು" ಅಂದಳು. ಮನೆಗೆ ಬಂದವರಿಗೆ ಚಹಾ ಕೊಡದೆ ಇರಲು ಆಗುತ್ತದೆಯೇ? ಅತ್ತೆ ಅಲಮಾರಿ ತೆಗೆದು ಸಕ್ಕರೆ ಹಾಕುತ್ತಾ ನನ್ನನ್ನು ನೋಡಿದ ನೋಟ ಇನ್ನೂ ಮರೆತಿಲ್ಲ. "ಸೌಂಡ್ ಉಳಿಸಿದಿ. ಚಾ ಖರ್ಚು ಯಾರು ಕೊಡ್ತಾರ, ರೇಡಿಯೋದಾವ್ರಾ?"

ಹೋಟೆಲಿನವರಿಗೇ ಊಟ ಹಾಕಿದ್ದು

ಕಾಂಪೌಂಡರ್ ಹೆಂಡತಿ ಹರಪನಹಳ್ಳಿಗೆ ಹೋದಾಗ ಹೋಟೆಲಿನಲ್ಲಿ ಮಾಡಿದ ಕರಾಮತ್ತನ್ನು ಓಣಿಗೆಲ್ಲ ಹೇಳಿದ್ದಳು. ಮನೆಯಿಂದ ರೊಟ್ಟಿ ಗಂಟು ಒಯ್ಯುವುದು. ಫ್ಯಾಮಿಲಿ ರೂಮಿನಲ್ಲಿ ಪರದೆ ಎಳೆದು ಕೂರುವುದು. ಒಂದೇ ಒಂದು ಪ್ಲೇಟ್ ಇಡ್ಲಿ ಹೇಳಿ ಮೂರು ಸಲ ಸಾಂಬಾರ್ ಹಾಕಿಸಿಕೊಳ್ಳುವುದು. ಅದರಲ್ಲಿ ರೊಟ್ಟಿ ಅದ್ದಿ ಮೂರು ಜನ ಹೊಟ್ಟೆ ತುಂಬ ತಿಂದು ಬರುವುದು. ಅತ್ತೆ ಈ ಕಥೆಯನ್ನು ನನ್ನ ಮುಂದೆ ಒಂಬತ್ತು ಸಲ ಹೇಳಿದರು. ಒಂಬತ್ತನೇ ಸಲ ನನಗೆ ಅನ್ನವೇ ಸೇರಲಿಲ್ಲ.

ಅತ್ತೆಯ ಕಣ್ಣು ತೋರಿಸಲು ಹಡಗಲಿಗೆ ಹೋಗುವುದಿತ್ತು. ಇದೇ ಸಮಯ ಅಂತ ಬೆಳಗ್ಗೆ ಬೇಗ ಎದ್ದು ಹನ್ನೆರಡು ಜೋಳದ ರೊಟ್ಟಿ ಬಡಿದೆ. ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಎಣ್ಣೆಗಾಯಿ ಪಲ್ಯ ಕಟ್ಟಿಕೊಂಡೆ. ಇವತ್ತು ಸಂಜೆಗೆ ಕೀಲಿಕೈ ನನ್ನದೇ ಅನ್ನುವ ಗ್ಯಾರಂಟಿ.

ಹೋಟೆಲಿನಲ್ಲಿ ಫ್ಯಾಮಿಲಿ ರೂಮ್ ತುಂಬಿತ್ತು. ಹೊರಗೇ ಕೂತೆವು. ಒಂದು ಪ್ಲೇಟ್ ಇಡ್ಲಿ ಬಂತು. ಗಂಟು ಬಿಚ್ಚಿದೆ. ಎಣ್ಣೆಗಾಯಿಯ ಘಮ ಎದ್ದಿತು ನೋಡಿ, ಪಕ್ಕದ ಟೇಬಲ್ಲಿನವರು ತಿರುಗಿದರು.

"ಏ, ನಮಗೂ ಅದನ್ನಾ ಕೊಡಪಾ" ಅಂತ ಒಬ್ಬರು ಸಪ್ಲೈಯರನನ್ನು ಕರೆದರು.

"ಅದು ನಮ್ಮದಲ್ರೀ, ಅವ್ರು ಮನಿಂದ ತಂದಾರ" ಅಂದ ಆತ.

ನಾನು ಗಂಟು ಮುಚ್ಚಲು ಹೋದೆ. ಅಷ್ಟರಲ್ಲಿ ಆ ಮನುಷ್ಯ ಕೈ ಮುಗಿದು, "ಅಮ್ಮಾರ, ಎಷ್ಟು ಚೆಂದ ಬಡದೀರಿ! ನಮ್ಮವ್ವನ ಕೈ ರೊಟ್ಟಿ ನೆನಪಾತ್ರಿ" ಅಂದುಬಿಟ್ಟ. ಬಡಿದವಳು ನಾನು, ಆತ ಕೈ ಮುಗಿದದ್ದು ಅತ್ತೆಗೆ. ಮನೆಯಲ್ಲಿ ನನಗೆ ಸಕ್ಕರೆ ಅಳೆದು ಕೊಡುವ ಆ ಅತ್ತೆ, "ಬಾಯಿ ಬಿಟ್ಟು ಹೇಳೀರಿ, ತಗೋರಿ" ಅಂತ ಎರಡು ರೊಟ್ಟಿ ಎತ್ತಿ ಕೊಟ್ಟರು. ಆಮೇಲೆ ಆಚೆ ಟೇಬಲ್ಲಿಗೆರಡು. ಅದರಾಚೆಗೆ ಮೂರು. ಕೊನೆಗೆ ಗಲ್ಲಾದ ಮೇಲಿದ್ದ ಮಾಲೀಕರೂ ಎದ್ದು ಬಂದು, "ನಮ್ಮ ಹೋಟ್ಲಾಗ ಇಂಥಾದ್ದು ಎಲ್ಲಿ ಸಿಗತೈತ್ರಿ?" ಅಂತ ಉಳಿದ ರೊಟ್ಟಿ, ಎಣ್ಣೆಗಾಯಿ ಎಲ್ಲವನ್ನೂ ಬಳಿದುಕೊಂಡು ತಿಂದರು. ತೇಗಿದರು. ತೇಗಿ ನಮ್ಮ ಕೈಗೇ ಇಡ್ಲಿ ಬಿಲ್ ಇಟ್ಟರು.

ಎರಡು ಇಡ್ಲಿಯಲ್ಲಿ ತಲೆಗೊಂದು ತಿಂದು ಬಸ್ ಸ್ಟ್ಯಾಂಡಿಗೆ ಬಂದೆವು. ಹಸಿವು ತಾಳದೆ ಮಂಡಕ್ಕಿ ಕೊಂಡೆವು. ಅತ್ತೆ ಮಂಡಕ್ಕಿ ಮುಕ್ಕುತ್ತಾ ಅಂದರು: "ಕಾಂಪೌಂಡರ್ ಹೆಂಡ್ತಿ ಆಗಿದ್ರ ಅಷ್ಟು ರೊಟ್ಟಿಗೆ ಅವನ ಕೈಲೆ ಊಟದ ಬಿಲ್ ಇಸಗೊಂಡು ಬರ್ತಿದ್ಲು."

ಹದಿನೈದು ದಿನ

ಇಷ್ಟೆಲ್ಲ ಆದಮೇಲೆ ಕೀಲಿಕೈ ಆಸೆಯನ್ನೇ ಬಿಟ್ಟಿದ್ದೆ. ಅಷ್ಟರಲ್ಲಿ ಹರಪನಹಳ್ಳಿ ಕಡೆಯ ಅರಸೀಕೆರೆಯಲ್ಲಿದ್ದ ನಮ್ಮ ನಾದಿನಿ ಹಡೆದಳು. ಬಾಣಂತನಕ್ಕೆ ಅತ್ತೆ ಹದಿನೈದು ದಿನ ಹೊರಟರು. ಅವರು ಊರು ಬಿಟ್ಟು ಅಷ್ಟು ದಿನ ಹೋದದ್ದು ಅದೇ ಮೊದಲು. ಇನ್ನೆಲ್ಲಿ ಹೋಗುತ್ತದೆ ಕೀಲಿಕೈ, ಬಂತಲ್ಲ ನನ್ನ ಕೈಗೆ ಅಂತ ನನಗೆ ಖುಷಿಯೋ ಖುಷಿ.

ಬಸ್ಸು ಬಂತು. ಅತ್ತೆ ಸೊಂಟಕ್ಕೆ ಕೈ ಹಾಕಿ ಕೀಲಿಕೈ ತೆಗೆದರು. ನಾನು ಕೈ ಚಾಚಿದೆ. ಆ ಕೀಲಿಕೈ ನನ್ನ ಅಂಗೈ ಮೇಲಿಂದ ಹಾಯ್ದು, ಬೀಳ್ಕೊಡಲು ಬಂದಿದ್ದ ಕಾಂಪೌಂಡರ್ ಹೆಂಡತಿಯ ಅಂಗೈಗೆ ಹೋಯಿತು.

"ಜ್ವಾಕಿ ಅವ್ವಾ. ಇಕಿ ಕೇಳಿದ್ರ ನೋಡಿ ಕೊಡು" ಅಂದರು ಅತ್ತೆ. ಬಸ್ಸು ಹೊರಟಿತು.

"ಏನ್ ಬೇಕಾದ್ರೂ ನಾಚಿಕಿ ಇಲ್ದ ಕೇಳ್ರಿ ಟೀಚರ್ರ" ಅಂದಳು ಆಕೆ, ಕೀಲಿಕೈಯನ್ನು ಸೊಂಟಕ್ಕೆ ಸಿಗಿಸುತ್ತಾ.

ನನ್ನ ಹೊಟ್ಟೆಯಲ್ಲಿ ಒಲೆಯೇ ಹೊತ್ತಿತು. ನನ್ನ ಮನೆಯ ಸಕ್ಕರೆಯನ್ನು ಆಕೆಯ ಹತ್ತಿರ ಬೇಡಬೇಕೇ? ಸತ್ತರೂ ಇಲ್ಲ ಅಂತ ಶಪಥ ಮಾಡಿದೆ. ಹೂವಿಗೆ, ಬಳೆಗೆ ಅಂತ ಮುಚ್ಚಿಟ್ಟುಕೊಂಡಿದ್ದ ಪುಡಿಗಾಸು ತೆಗೆದು ಅಂಗಡಿಯಿಂದ ಸಕ್ಕರೆ, ಚಹಾಪುಡಿ, ತುಪ್ಪ ತಂದು, ನನ್ನ ಟ್ರಂಕಿನಲ್ಲಿ ಸೀರೆಯ ಕೆಳಗೆ ಇಟ್ಟೆ. ಯಜಮಾನರಿಗೆ, "ಬಾಯಿ ಬಿಟ್ಟೀರಿ ಅಂದ್ರ ಚಾ ಬಂದ್" ಅಂತ ತಾಕೀತು ಮಾಡಿದೆ. ಪಾಪ, ಸೀರೆ ನಡುವೆ ಇಟ್ಟ ಕರ್ಪೂರದ ಗುಳಿಗೆಯ ವಾಸನೆ ಹೊಡೆಯುವ ಚಹಾವನ್ನು ತುಟಿ ಪಿಟಕ್ಕೆನ್ನದೆ ಕುಡಿದರು.

ಎಂಟನೆಯ ದಿನ ಕಾಂಪೌಂಡರ್ ಹೆಂಡತಿ ಬಟ್ಟಲು ಹಿಡಿದು ಬಂದಳು. "ಟೀಚರ್ರ, ಬೀಗರು ಬಂದಾರ. ಒಂದು ಬಟ್ಟಲು ಸಕ್ಕರಿ ಕೊಡ್ರಿ."

"ಅಕ್ಕಾರ, ಕೀಲಿಕೈ ನಿಮ್ಮ ಸೊಂಟದಾಗಾ ಐತಲ್ರೀ!"

"ಅಯ್ಯಯ್ಯ, ಅದು ನಿಮ್ಮತ್ತಿ ನಂಬಿ ಕೊಟ್ಟಿದ್ದು. ಅದಕ್ಕ ಕೈ ಹಚ್ಚಬಾರ್ದು" ಅಂತ ಕೆನ್ನೆ ಬಡಿದುಕೊಂಡಳು. "ನೀವು ದಿನಾ ಎರಡು ಹೊತ್ತು ಚಾ ಕುಡಿಯೋ ವಾಸನಿ ಗೋಡಿ ಆಚಿಗೆ ಬರ್ತೈತಿ. ಅದರಾಗಿಂದಾ ಕೊಡ್ರಿ." ಕೊಟ್ಟೆ. ಇನ್ನೇನು ಮಾಡಲಿ?

ಹದಿನಾರನೆಯ ದಿನ ಅತ್ತೆ ಬಂದರು. ಕಾಲು ತೊಳೆದವರೇ ಕೀಲಿಕೈ ಇಸಗೊಂಡು, ನಮ್ಮಿಬ್ಬರನ್ನೂ ಎದುರಿಗೆ ನಿಲ್ಲಿಸಿಕೊಂಡು ಅಲಮಾರಿ ತೆಗೆದರು. ಸಕ್ಕರೆ ಡಬ್ಬಿ ಅಲ್ಲಾಡಿಸಿದರು. ತುಪ್ಪದ ಗಡಿಗೆ ಎತ್ತಿ ನೋಡಿದರು. ಒಂದು ಹರಳೂ ಕಡಿಮೆಯಾಗಿಲ್ಲ, ಒಂದು ಹನಿಯೂ ಇಳಿದಿಲ್ಲ.

"ಏನೂ ಇಸಗೊಳ್ಳಲಿಲ್ಲೇನು ಇಕಿ?"

"ಒಂದು ದಿನಾನೂ ಕೇಳಲಿಲ್ಲ ನೋಡ್ರಿ" ಅಂದಳು ಕಾಂಪೌಂಡರ್ ಹೆಂಡತಿ. ಬಟ್ಟಲು ಸಕ್ಕರೆಯ ಮಾತು ಎತ್ತಿದರೆ ತಾನು ಇಸಗೊಂಡದ್ದೂ ಹೊರಬೀಳುತ್ತದೆ, ಹಾಗಾಗಿ ಅಷ್ಟಕ್ಕೇ ಬಾಯಿ ಮುಚ್ಚಿದಳು. ನಾನೂ ಮುಚ್ಚಿದೆ.

ಅತ್ತೆಯ ಕಣ್ಣಲ್ಲಿ ನೀರು ಬಂತು. ನನ್ನ ಕೆನ್ನೆ ಸವರಿ ಲಟಿಕೆ ಮುರಿದರು. "ಅವ್ವಾ ತಾಯಿ! ಹದಿನೈದು ದಿನ ಚಮಚ ಸಕ್ಕರಿ ಇಲ್ದ, ಹನಿ ತುಪ್ಪ ಇಲ್ದ ಮನಿ ನಡಸ್ಯಾಳ! ಕಾಂಪೌಂಡರ್ ಹೆಂಡ್ತಿ, ನಿನ್ನ ಕೈಲೆ ಆಗತಿತ್ತೇನ ಇದು?"

ಆಕೆಯ ಮುಖ ಕಪ್ಪಿಟ್ಟಿತು. ಇಷ್ಟು ದಿನ ನಾನು ಉರಿದ ಉರಿ ಈಗ ಆಕೆಯ ಮುಖದಲ್ಲಿ ಉರಿಯುತ್ತಿತ್ತು. ಆಹಾ, ಆ ಸುಖವನ್ನು ಏನಂತ ಹೇಳಲಿ! ಇದೇ ಹೊತ್ತು, ಬಿಡಬಾರದು ಅಂತ ನಾನು ಕೈ ಚಾಚಿದೆ. "ಹಂಗಾರ ಅತ್ತೀ, ಕೀಲಿಕೈ?"

ಅತ್ತೆ ಅಲಮಾರಿಗೆ ಕೀಲಿ ಹಾಕಿದರು. ಎರಡು ಸಲ ಜಗ್ಗಿ ನೋಡಿದರು. ಕೀಲಿಕೈಯನ್ನು ತಮ್ಮ ಸೊಂಟಕ್ಕೇ ಸಿಗಿಸಿಕೊಂಡು, ಬಾಯಿ ತುಂಬ ಪ್ರೀತಿಯಿಂದ ಅಂದರು:

"ಕೀಲಿಕೈ ಇಲ್ದ ಇಷ್ಟು ಚೆಂದ ನಡಸೀದಿ. ಈಗ ಕೊಟ್ಟು ನಿನ್ನ ಯಾಕವ್ವಾ ಕೆಡಸ್ಲಿ?"