ಮೇಷ್ಟ್ರಾಗಲು ಹೊರಟ ಮೂವರು ಮನಶ್ಶಾಸ್ತ್ರಿಗಳು

ಮನಶ್ಶಾಸ್ತ್ರ ಓದಿದವರಿಗೆ ಎದುರಿನವರ ಮನಸ್ಸಿನಲ್ಲಿ ಇರುವುದೆಲ್ಲ ಗೊತ್ತಾಗುತ್ತದೆ ಅಂತ ನಮ್ಮ ಕಡೆಯ ಜನ ನಂಬಿದ್ದಾರೆ. ಅಂಥವರನ್ನು ಐವತ್ತು ಮಕ್ಕಳಿರುವ ತರಗತಿಯೊಳಗೆ ಬಿಟ್ಟರೆ, ಎದುರಿನವರದ್ದು ಹಾಗಿರಲಿ, ತಮ್ಮ ಮನಸ್ಸಿನಲ್ಲಿ ಇದ್ದದ್ದೂ ಮರೆತುಹೋಗುತ್ತದೆ. ಸಾಗರದ ಕಾಲೇಜೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ಈ ವಿಷಯ ಹೇಳಿಕೊಡುತ್ತಿದ್ದೇನೆ. ಎಂ.ಎ. ಕೊನೆಯ ವರ್ಷದವರನ್ನು ಪಾಠ ಮಾಡುವ ಅಭ್ಯಾಸಕ್ಕೆ ಅಂತ ನನ್ನ ಹತ್ತಿರ ಕಳಿಸುತ್ತಾರೆ. ಆರು ವಾರದಲ್ಲಿ ಅವರನ್ನು ಉಪನ್ಯಾಸಕರನ್ನಾಗಿ ಮಾಡಿ ವಾಪಸ್ ಕೊಡಬೇಕು. ಆ ಆರು ವಾರ ಸುಮ್ಮನೆ ಮುಗಿದದ್ದು ಒಂದು ವರ್ಷವೂ ಇಲ್ಲ.

ಮೂರು ವರ್ಷದ ಹಿಂದೆ ಮೂವರು ಬಂದಿದ್ದರು. ಒಬ್ಬಳು ತೀರ್ಥಹಳ್ಳಿಯ ಹುಡುಗಿ; ಮಾತು ಶುರು ಮಾಡಿದರೆ ಪೂರ್ಣವಿರಾಮ ಇಲ್ಲ. ಇನ್ನೊಬ್ಬ ಹೊಸನಗರದ ಹುಡುಗ. ಏನು ಹೇಳಿದರೂ ಪ್ರಯೋಗ ಮಾಡಿ ತೋರಿಸಲೇಬೇಕು ಅನ್ನುವವನು. ಮೂರನೆಯವನು ಜೋಗದವನು, ಅಪ್ಪನಿಗೆ ಪವರ್ ಹೌಸಿನಲ್ಲಿ ಕೆಲಸ. ಅಷ್ಟು ದೊಡ್ಡ ಜಲಪಾತದ ಪಕ್ಕ ಬೆಳೆದವನ ಸ್ವರ ಮುಂದಿನ ಬೆಂಚಿಗೂ ಕೇಳುತ್ತಿರಲಿಲ್ಲ.

ಎರಡನೇ ಹಾಜರಿ

ತೀರ್ಥಹಳ್ಳಿಯ ಹುಡುಗಿಯದ್ದು ಮೊದಲ ಪಾಠ. ವಿಷಯ ನೆನಪು ಮತ್ತು ಮರೆವು. ಒಂದು ಗಂಟೆಗೆ ಅಂತ ಹದಿನೆಂಟು ಪುಟ ಬರೆದುಕೊಂಡು ಬಂದಿದ್ದಳು. ಹಾಜರಿ ಕರೆದಳು, ಪಾಠ ಶುರು ಮಾಡಿದಳು. ನಾನು ಹಿಂದಿನ ಬೆಂಚಿನಲ್ಲಿ ಕೂತು ಪೆನ್ನಿನ ಮುಚ್ಚಳ ತೆಗೆಯುವಷ್ಟರಲ್ಲಿ ಏಳನೇ ಪುಟ ದಾಟಿದ್ದಳು. ಹನ್ನೊಂದು ನಿಮಿಷಕ್ಕೆ ಹದಿನೆಂಟೂ ಪುಟ ಮುಗಿಯಿತು.

ಅವಳು ನನ್ನ ಮುಖ ನೋಡಿದಳು. ಮತ್ತೊಮ್ಮೆ ನಿಧಾನವಾಗಿ ಹೇಳು ಅಂತ ನಾನು ಬೆರಳು ಸುತ್ತಿಸಿ ತೋರಿಸಿದೆ. ಅವಳಿಗೆ ಏನು ಅರ್ಥವಾಯಿತೋ, ಹಾಜರಿ ಪುಸ್ತಕ ತೆಗೆದು ಮೊದಲಿನಿಂದ ಹಾಜರಿ ಕರೆಯಲು ಶುರು ಮಾಡಿದಳು. ಮಕ್ಕಳೂ ಪಾಪ, ಒಂದು ಮಾತಾಡದೆ ಎರಡನೇ ಸಲ ಹಾಜರಿ ಹೇಳಿದರು.

ಆಮೇಲೆ ಸ್ಟಾಫ್ ರೂಮಿಗೆ ಬಂದಳು. ಹಾಜರಿ ಪುಸ್ತಕದ ಪ್ರಕಾರ ಮೊದಲ ಸಲ ಮೂವತ್ತೆಂಟು ಜನ ಇದ್ದರು, ಎರಡನೇ ಸಲ ನಲವತ್ತೊಂದು. ಬಾಗಿಲು ಹಾಕಿಯೇ ಇತ್ತು, ಯಾರೂ ಒಳಗೆ ಬಂದಿರಲಿಲ್ಲ. ಒಬ್ಬರ ಹೆಸರಿಗೆ ಇನ್ನೊಬ್ಬರು ಕೂಗುವುದು ನಮ್ಮಲ್ಲಿ ಹೊಸದಲ್ಲ ಅಂತ ಅವಳಿಗೆ ಹೇಗೆ ಹೇಳುವುದು ಅಂತ ನಾನು ಯೋಚಿಸುತ್ತಿದ್ದೆ.

ಅವಳೇ ಹೇಳಿದಳು, "ಪಾಠ ಅಷ್ಟೇನೂ ಕೆಟ್ಟದಾಗಿರ್ಲಿಲ್ಲ ಅಲ್ದಾ ಮೇಡಂ? ಕೇಳ್ತಾ ಕೇಳ್ತಾ ಮೂರು ಜನ ಜಾಸ್ತಿ ಆದ್ರು."

ಪ್ರಯೋಗದ ಗಂಟೆ

ಎರಡನೇ ವಾರ ಮೂವರನ್ನೂ ಹೊಸನಗರದ ಒಂದು ಕಾಲೇಜಿಗೆ ಕರೆದುಕೊಂಡು ಹೋದೆ. ಹೊಸ ಮಕ್ಕಳ ಎದುರು ನಿಲ್ಲುವುದೂ ಕಲಿಯಬೇಕಲ್ಲ. ಅವತ್ತು ಹೊಸನಗರದ ಹುಡುಗನ ಸರದಿ. ಗಂಟೆ ಹೊಡೆದು ಹೊಡೆದು ಊಟ ಹಾಕಿದರೆ, ಆಮೇಲೆ ಬರೀ ಗಂಟೆಯ ಶಬ್ದಕ್ಕೇ ನಾಯಿ ಜೊಲ್ಲು ಸುರಿಸುತ್ತದೆ ಅನ್ನುವ ಪಾಠ.

"ಬರೀ ಹೇಳಿದ್ರೆ ತಲೆಗೆ ಹೋಗಲ್ಲ ಮೇಡಂ, ತೋರಿಸ್ತೀನಿ" ಅಂದ.

"ನಾಯಿ ತರಬೇಡ ಮಾರಾಯ" ಅಂದೆ. ಇಲ್ಲ ಅಂದ. ಅಷ್ಟಕ್ಕೇ ನಾನು ನೆಮ್ಮದಿಯಾಗಿದ್ದು ತಪ್ಪು.

ಅವನು ಮೊದಲೇ ಹೋಗಿ ಅಟೆಂಡರ್ ಹತ್ತಿರ ಮಾತಾಡಿದ್ದ. ಪಾಠದ ಮಧ್ಯೆ, ಹನ್ನೊಂದೂ ಇಪ್ಪತ್ತಕ್ಕೆ ಸರಿಯಾಗಿ, ಊಟದ ಗಂಟೆ ಹೊಡೆಯಿರಿ ಅಂತ. ಮೇಲಿಂದ ಆರ್ಡರ್ ಬಂದಿದೆ ಅಂದುಕೊಂಡ ಅಟೆಂಡರ್ ಎಂದಿಗಿಂತ ಜೋರಾಗಿಯೇ ಹೊಡೆದರು. ಗಂಟೆ ಕೇಳಿದ್ದೇ ತಡ, ನಮ್ಮ ತರಗತಿಯ ಮಕ್ಕಳೆಲ್ಲ ಪುಸ್ತಕ ಮುಚ್ಚಿ ಚೀಲಕ್ಕೆ ಕೈ ಹಾಕಿದರು.

"ನೋಡಿ, ಇದೇ ಆ ಪ್ರಯೋಗ. ಗಡಿಯಾರ ಯಾರಾದ್ರೂ ನೋಡಿದ್ರಾ?" ಅಂದ ಹುಡುಗ. ನನಗೂ ಹೆಮ್ಮೆಯಾಯಿತು. ಅಷ್ಟರಲ್ಲಿ ಹೊರಗೆ ಕಾಲಿನ ಸದ್ದು. ಕಾಲೇಜಿಗೆ ಕಾಲೇಜೇ ಅಂಗಳದಲ್ಲಿತ್ತು. ಕನ್ನಡದ ಮೇಷ್ಟ್ರು ಕೈ ತೊಳೆದು ಬರುತ್ತಿದ್ದರು.

ಹುಡುಗನ ಕಿವಿ ಹಿಡಿದುಕೊಂಡು ಹೋದ ಹಾಗೆ ಅವನನ್ನು ಪ್ರಿನ್ಸಿಪಾಲರ ಕೋಣೆಗೆ ಕರೆದುಕೊಂಡು ಹೋದೆ. ಅವರು ಮೇಜಿನ ಮೇಲೆ ಡಬ್ಬಿ ತೆಗೆದು ಅರ್ಧ ಚಿತ್ರಾನ್ನ ಮುಗಿಸಿದ್ದರು. ಇಡೀ ಕಥೆ ಕೇಳಿದರು. ಗೋಡೆಯ ಗಡಿಯಾರ ನೋಡಿದರು. ಡಬ್ಬಿ ನೋಡಿದರು.

"ಪ್ರಯೋಗ ಯಶಸ್ವಿ ಅಂತ ಬರ್ಕೊಳ್ಳಿ. ಪ್ರಿನ್ಸಿಪಾಲ್ ಮೇಲೂ ಮಾಡಿದ್ವಿ ಅಂತ ಮಾತ್ರ ಬರೀಬೇಡಿ."

ಕೇಳಿಸಿಕೊಳ್ಳುವ ಕಲೆ

ಕಾಲೇಜು ಮೇಷ್ಟ್ರಾದವರು ಮಕ್ಕಳ ಕಷ್ಟಸುಖವನ್ನೂ ಕೇಳಬೇಕು. ಅದಕ್ಕೇ ನಮ್ಮ ಕಾಲೇಜಿನಲ್ಲಿ ಮಧ್ಯಾಹ್ನ ಮೂರರಿಂದ ಒಂದು ಗಂಟೆ ಹೊತ್ತು ಆಪ್ತ ಸಲಹೆಗೆ ಅಂತ ಇದೆ. ತೀರ್ಥಹಳ್ಳಿಯ ಹುಡುಗಿಗೆ ನೂರು ಸಲ ಹೇಳಿದ್ದೆ: ನೀನು ಮಾತಾಡಬೇಡ, ಉತ್ತರ ಕೊಡಬೇಡ, ಅವರ ಬಾಯಿಂದಲೇ ಬರಲಿ, ಸುಮ್ಮನೆ ಕೇಳಿಸಿಕೋ.

ಒಬ್ಬಳು ವಿದ್ಯಾರ್ಥಿನಿ ಬಾಗಿಲಲ್ಲಿ ಇಣುಕಿದಳು. "ಮೇಡಂ, ಹೊಳೆಬಾಗಿಲು ಕಡೆ ಮೂರೂವರೆ ಬಸ್ಸು ಹೋಯ್ತಾ?"

ನಮ್ಮವಳು ಕುರ್ಚಿ ತೋರಿಸಿ ಕೂರಿಸಿದಳು. "ಬಸ್ಸಿನ ಬಗ್ಗೆ ನಿಂಗೆ ಏನನ್ನಿಸ್ತಾ ಇದೆ?"

"ಹೋಗಿರಬಹುದು ಅನ್ನಿಸ್ತಾ ಇದೆ."

"ಹಾಗನ್ನಿಸಿದಾಗ ಒಳಗೆ ಏನಾಗುತ್ತೆ?"

"ಸಿಟ್ಟು ಬರ್ತದೆ."

"ಯಾರ ಮೇಲೆ?"

ಆ ಹುಡುಗಿ ಕಿಟಕಿಯಿಂದ ಹೊರಗೆ ನೋಡಿದಳು. ಬಸ್ಸು ಗೇಟಿನ ಮುಂದೆ ನಿಧಾನಕ್ಕೆ ಹಾದುಹೋಯಿತು.

"ಇಷ್ಟೊತ್ತು ಬಸ್ಸಿನ ಮೇಲಿತ್ತು ಮೇಡಂ. ಈಗ ನಿಮ್ಮ ಮೇಲೆ."

ಹನ್ನೊಂದು ಜನರ ಪಾಠ

ಜೋಗದ ಹುಡುಗನ ವಿಷಯವೇ ಬೇರೆ. ಮೂವರಲ್ಲಿ ಚೆನ್ನಾಗಿ ಓದಿಕೊಂಡವನು ಅವನೇ, ಆದರೆ ನಾಲ್ಕು ಜನರ ಎದುರು ನಿಂತರೆ ಅಂಗೈ ಬೆವರುತ್ತಿತ್ತು. ಮನೆಗೆ ಅವನೇ ದೊಡ್ಡ ಮಗ, ಅಪ್ಪ ರಿಟೈರ್ ಆಗುವುದರಲ್ಲಿದ್ದರು. ಕೆಲಸ ಬೇಕೇ ಬೇಕಿತ್ತು. ಎಂ.ಎ. ಮುಗಿದ ಮೇಲೂ ಶನಿವಾರ ಶನಿವಾರ ಬರುತ್ತಿದ್ದ. ಖಾಲಿ ತರಗತಿಯಲ್ಲಿ ನಾನೊಬ್ಬಳೇ ಹಿಂದಿನ ಬೆಂಚಿನಲ್ಲಿ ಕೂತು "ಕೇಳಲ್ಲ, ಕೇಳಲ್ಲ" ಅನ್ನುತ್ತಿದ್ದೆ.

ತೀರ್ಥಹಳ್ಳಿಯ ಒಂದು ಖಾಸಗಿ ಕಾಲೇಜಿನಲ್ಲಿ ಒಂದು ಹುದ್ದೆ ಖಾಲಿ ಇದೆ ಅಂತ ಗೊತ್ತಾಯಿತು. ಇಪ್ಪತ್ತು ನಿಮಿಷ ಡೆಮೊ ಪಾಠ, ಆಮೇಲೆ ಸಂದರ್ಶನ. ಭಯದ ಬಗ್ಗೆಯೇ ಪಾಠ ಮಾಡು, ನಿನಗೆ ಅನುಭವ ಇದೆ ಅಂದೆ.

ಸಂದರ್ಶನದ ದಿನ ಬಸ್ಸು ತಡವಾಗಿ ಇವನು ಓಡುತ್ತಾ ಹೋಗಿದ್ದಾನೆ. ಯಾರೋ ಮೇಲೆ ಹೋಗಿ ಅಂದರು. ಮೊದಲು ಸಿಕ್ಕಿದ ಕೋಣೆಯಲ್ಲಿ ಹನ್ನೊಂದು ಜನ ಬಿಗಿದ ಮುಖ ಹಾಕಿಕೊಂಡು, ಕೈಯಲ್ಲಿ ಫೈಲ್ ಹಿಡಿದು ಕೂತಿದ್ದರು. ಇದೇ ಆಯ್ಕೆ ಸಮಿತಿ ಅಂದುಕೊಂಡ. ಹನ್ನೊಂದು ಜನ ಜಾಸ್ತಿಯಾಯಿತಲ್ಲ ಅಂತಲೂ ಅನ್ನಿಸಿತಂತೆ, ಆದರೆ ಕೇಳಲು ಧೈರ್ಯ ಬರಲಿಲ್ಲ. ನಮಸ್ಕಾರ ಹಾಕಿ ಪಾಠ ಶುರು ಮಾಡೇಬಿಟ್ಟ.

ಆ ಹನ್ನೊಂದೂ ಜನ ಅದೇ ಕೆಲಸಕ್ಕೆ ಬಂದ ಅಭ್ಯರ್ಥಿಗಳು. ಸಂದರ್ಶನಕ್ಕೆ ಮುಂಚೆ ಧೈರ್ಯ ಹೇಳಲು ಕಾಲೇಜಿನವರೇ ಯಾರನ್ನೋ ಕಳಿಸಿದ್ದಾರೆ ಅಂತ ಅವರು ತಿಳಿದುಕೊಂಡರು. ಎದೆ ಹೊಡೆದುಕೊಳ್ಳುವುದು ಯಾಕೆ, ಉಸಿರು ಹೇಗೆ ಬಿಡಬೇಕು, ಬಾಯಿ ಒಣಗಿದರೆ ಏನು ಮಾಡಬೇಕು ಅಂತ ಇವನು ಹೇಳುತ್ತಾ ಹೋದ, ಅವರು ನೋಟ್ಸ್ ಬರೆದುಕೊಳ್ಳುತ್ತಾ ಹೋದರು. ಅಷ್ಟು ಗಮನ ಕೊಟ್ಟು ಕೇಳುವವರನ್ನು ಇವನು ಕಂಡೇ ಇರಲಿಲ್ಲ. ಸ್ವರ ತಾನಾಗಿ ಏರಿತು. ಕೊನೆಗೆ ಚಪ್ಪಾಳೆಯೂ ಬಿತ್ತು.

ಆಮೇಲೆ ನಿಜವಾದ ಸಮಿತಿ ಕರೆಯಿತು. ಅಧ್ಯಕ್ಷರು, "ಡೆಮೊ ಶುರು ಮಾಡಿ" ಅಂದರು.

"ಡೆಮೊ ಮುಗೀತಲ್ಲ ಸರ್" ಅಂದ ಇವನು.

"ನಾವು ನೋಡೇ ಇಲ್ವಲ್ಲ."

ಆಗ ಇವನಿಗೆ ಆದದ್ದು ಏನು ಅಂತ ಹೊಳೆಯಿತು. ಮತ್ತೆ ಪಾಠ ಮಾಡಲು ನಿಂತರೆ ಹಳೆಯ ಸ್ವರವೇ ಬಂತು, ಸಮಿತಿಗೆ ಒಂದಕ್ಷರ ಕೇಳಲಿಲ್ಲ. ಕೆಲಸ ಸಿಕ್ಕಿದ್ದು ಅವನ ಪಾಠ ಕೇಳಿದ ಹನ್ನೊಂದು ಜನರಲ್ಲಿ ಒಬ್ಬರಿಗೆ, ಕೊಪ್ಪದ ಕಡೆಯ ಒಬ್ಬ ಹೆಣ್ಣುಮಗಳಿಗೆ. ಅವರಿಗೆ ಒಂದಿಷ್ಟೂ ಗಾಬರಿಯಿರಲಿಲ್ಲವಂತೆ.

ಇವನು ನಮ್ಮ ಮನೆಗೆ ಬಂದು ಜಗಲಿಯಲ್ಲಿ ತುಂಬಾ ಹೊತ್ತು ಕೂತ. ಮನೆಯಲ್ಲಿ ಅಮ್ಮನಿಗೆ ಏನು ಹೇಳಿದೆ ಅಂತ ಕೇಳಿದೆ. "ನಾನು ಕಲಿಸಿದ್ದು ಸರಿ ಆಯ್ತು ಅಮ್ಮ, ಕೆಲಸ ಮಾತ್ರ ಕಲಿತವ್ರಿಗೆ ಸಿಕ್ತು ಅಂದೆ ಮೇಡಂ" ಅಂದ. ನಗಬಾರದು ಅಂತ ತುಟಿ ಕಚ್ಚಿಕೊಂಡೆ. ಅವನೇ ನಕ್ಕ, ಆಮೇಲೆ ನಾನೂ ನಕ್ಕೆ.

ಮುಂದಿನ ವರ್ಷ ಅದೇ ಕಾಲೇಜಿಗೆ ಮಕ್ಕಳು ಜಾಸ್ತಿಯಾಗಿ ಇನ್ನೊಂದು ಹುದ್ದೆ ಬಂತು. ಬಲವಂತ ಮಾಡಿ ಕಳಿಸಿದೆ. ಈ ಸಲ ಸರಿಯಾದ ಕೋಣೆಗೇ ಹೋದ. ನೋಡಿದರೆ ವಿಭಾಗದ ಪರವಾಗಿ ಸಮಿತಿಯಲ್ಲಿ ಕೂತವರು ಅದೇ ಕೊಪ್ಪದ ಮೇಡಂ. ಇವನು ಬೆವರು ಒರೆಸಿಕೊಂಡು ಬೋರ್ಡಿನ ಕಡೆ ತಿರುಗಿದ.

ಅವರು ಅಧ್ಯಕ್ಷರಿಗೆ ಹೇಳಿದರು, "ಇವರ ಡೆಮೊ ಬೇಡ ಸರ್, ನಾನು ಹೋದ ವರ್ಷವೇ ಪೂರ್ತಿ ಕೇಳಿದೀನಿ." ಆಮೇಲೆ ಒಂದು ಹಳೆಯ ನೋಟ್ ಪುಸ್ತಕ ತೆರೆದು ಇವನ ಕಡೆ ನೋಡಿದರು. "ಎರಡು ಡೌಟ್ ಹಾಗೇ ಉಳಿದಿತ್ತು ಸರ್, ಅದನ್ನೊಂದು ಹೇಳಿಬಿಡಿ."