ಹೊರಸಿನ ಮೇಲೊಂದು ತಾಲೀಮು

ಬಾಣಂತನದ ತಯಾರಿ ಅಂಥ ಕಷ್ಟದ ಕೆಲಸವೇನಲ್ಲ ಎಂದು ನಾನು ದೃಢವಾಗಿ ನಂಬಿದ್ದ ಕಾಲವೊಂದಿತ್ತು. ಹೆಂಡತಿ ವಿದ್ಯಾಗೆ ಆಗ ಏಳು ತಿಂಗಳು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂಬುದು ವಿಜಯಪುರದ ನಮ್ಮತ್ತೆಯ ಹಟ. ವಿದ್ಯಾಗೆ ನಾವಿದ್ದ ಹೈದರಾಬಾದಿನ ಡಾಕ್ಟರಮ್ಮನ ಮೇಲೆ ನಂಬಿಕೆ. ನನಗಂತೂ ಮಗುವಿನ ಮೊದಲ ತಿಂಗಳುಗಳನ್ನು ಫೋನಿನಲ್ಲಿ ನೋಡುವ ಅಪ್ಪನಾಗಲು ಸುತರಾಂ ಮನಸ್ಸಿರಲಿಲ್ಲ.

ಕೊನೆಗೆ ಅತ್ತೆ ಫೋನಿನಲ್ಲೇ ತೀರ್ಪು ಕೊಟ್ಟರು. "ನಾ ಬಂದು ನೋಡ್ತೀನ್ರಿ. ಹೊರಸು, ಶೇಗಡಿ, ಅಂಟಿನುಂಡಿ ಎಲ್ಲಾ ತಯಾರಿದ್ರ ಬಾಣಂತನ ಅಲ್ಲೇ. ಇಲ್ಲಾಂದ್ರ ಮಗಳನ್ನ ಕರಕೊಂಡು ಹೋಗ್ತೀನಿ."

"ಆರಾಮಾಗಿ ಬರ್ರಿ. ಎಲ್ಲಾ ನನಗ ಬಿಡ್ರಿ!" ಎಂದೆ.

ಬಾಣಂತಿಯನ್ನು ಹಗ್ಗದ ಹೊರಸಿನ ಮೇಲೆ ಮಲಗಿಸಿ, ಕೆಳಗೆ ಕೆಂಡದ ಶೇಗಡಿ ಇಟ್ಟು ಬೆನ್ನಿಗೆ ಕಾವು ಕೊಡುವುದು ನಮ್ಮ ಕಡೆಯ ಪದ್ಧತಿ. ಸುಲ್ತಾನ್ ಬಜಾರಿನಲ್ಲಿ ಅಂಟು, ಒಣಕೊಬ್ಬರಿ, ಉತ್ತತ್ತಿ ಎಲ್ಲ ಸಿಕ್ಕವು. ಉಂಡಿಗಳನ್ನು ಸ್ವತಃ ನಾನೇ ಕಟ್ಟಿದೆ. ಒಂದು ಕೈಜಾರಿ ಬಿತ್ತು. ಟೈಲ್ಸ್ ಒಡೆಯಿತು, ಉಂಡಿ ಒಡೆಯಲಿಲ್ಲ!

ಹೊರಸು ಕೊಟ್ಟವನು, "ಹಾಥೀ ಭೀ ಸೋ ಸಕತಾ ಸಾಬ್" ಎಂದು ಆನೆಯನ್ನೇ ಮಲಗಿಸುವ ಭರವಸೆ ಕೊಟ್ಟಿದ್ದ. ಆದರೆ ಅದು ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಹಿಡಿಸಲಿಲ್ಲ. ಹಗ್ಗ ಬಿಚ್ಚಿ, ಕಾಲು ಕಳಚಿ, ಮೂರನೇ ಮಹಡಿಗೆ ಹೊತ್ತು ತಂದು, ಮತ್ತೆ ನಾನೇ ಹೆಣೆದೆ.

"ರೀ, ಗಂಟು ಸಡಿಲ ಅದಾವ ನೋಡ್ರಿ" ಎಂದಳು ವಿದ್ಯಾ.

"ಬಾಣಂತಿಗೆ ಮೆತ್ತಗಿರ್ಬೇಕಲ್ಲ!"

ಅತ್ತೆಯ ರೈಲು ಸಾಯಂಕಾಲ ಸಿಕಂದರಾಬಾದಿಗೆ ಬರುವುದಿತ್ತು. ಅಷ್ಟರೊಳಗೆ ಒಂದು ತಾಲೀಮು ಆಗಿಬಿಡಲಿ ಎನಿಸಿತು.

"ತಾಲೀಮಿಗೆ ಬಾಣಂತಿ ಯಾರು?" ಎಂದಳು ವಿದ್ಯಾ.

"ಸದ್ಯಕ್ಕ ನಾನ!"

ಹೊಗೆ ಬೇಡವೆಂದು ಡಾಕ್ಟರಮ್ಮ ಹೇಳಿದ್ದರಿಂದ ವಿದ್ಯಾಳನ್ನು ಬಾಲ್ಕನಿಗೆ ಕಳಿಸಿದೆ. ಅವಳ ಸ್ಕಾರ್ಫನ್ನು ಕಿವಿಗೆ ಬಿಗಿದುಕೊಂಡೆ. ಕೆಂಡದ ಮೇಲೆ ಒಂದು ಚಿಟಿಕೆ ಲೋಬಾನ ಹಾಕಬೇಕೆಂದು ಅತ್ತೆ ಹೇಳಿದ್ದರು. ಚಿಟಿಕೆಯಿಂದ ಏನಾದೀತು? ಒಂದು ಮುಷ್ಟಿ ಹಾಕಿ, ಶೇಗಡಿಯನ್ನು ಕಾಲ ಕಡೆಗೆ ಸರಿಸಿ, ಗಂಭೀರವಾಗಿ ಮಲಗಿದೆ.

ಹೊಗೆ ಕೋಣೆ ತುಂಬಿ, ಬಾಗಿಲ ಸಂದಿಯಿಂದ ವರಾಂಡಕ್ಕೆ ಹೋಯಿತು. ಅಲ್ಲಿದ್ದ ಬೆಂಕಿಯ ಅಲಾರಾಂ ಕಿರುಚತೊಡಗಿತು. ವಾಚ್‌ಮನ್ ಯಾದಗಿರಿ "ಮಂಟಲು! ಮಂಟಲು!" ಎಂದು ತೆಲುಗಿನಲ್ಲಿ ಕೂಗುತ್ತಾ ಬಕೆಟ್ ಹಿಡಿದು ನುಗ್ಗಿದ. ಬೆಂಕಿಯೇನೂ ಬಿದ್ದಿಲ್ಲ ಮಾರಾಯ ಎನ್ನಲು ನಾನು ಎದ್ದೆ. ಗಂಟುಗಳು ಅದೇ ಮುಹೂರ್ತಕ್ಕೆ ಕಾದಿದ್ದವು! ನಡ ನೆಲಕ್ಕೆ ಬಡಿಯಿತು. ತಲೆ, ಕಾಲು ಮೇಲೇ ಉಳಿದವು. ಯಾದಗಿರಿ ಅರ್ಧ ಬಕೆಟ್ ಶೇಗಡಿಗೆ ಸುರಿದ. ಉಳಿದರ್ಧ ನನಗೆ.

ಅವನೂ ವಿದ್ಯಾಳೂ ಸೇರಿ ನನ್ನನ್ನು ಚಾಪೆಗೆ ಉರುಳಿಸಿದರು. ನಡ ಅಲ್ಲಾಡಿಸಲು ಬರುವಂತಿರಲಿಲ್ಲ.

"ಅವ್ವ ಇದನ್ನ ನೋಡಿದ್ರ ನಾಳೇನ ನನ್ನ ಕರಕೊಂಡು ಹೋಗ್ತಾಳ್ರಿ" ಎಂದ ವಿದ್ಯಾಳ ಕಣ್ಣು ತುಂಬಿತ್ತು. ನಡದ ನೋವಿಗಿಂತ ಅದನ್ನು ನೋಡಿ ನನಗೆ ಹೆಚ್ಚು ಸಂಕಟವಾಯಿತು.

ಸ್ಟೇಷನ್ನಿಗೆ ಯಾರೂ ಬರದೆ, ಅತ್ತೆ ತಾವೇ ಆಟೋ ಹಿಡಿದು ಬಂದರು. ಒದ್ದೆ ಶೇಗಡಿ ನೋಡಿದರು. ಹಗ್ಗ ಕಳಚಿದ ಹೊರಸು ನೋಡಿದರು. ಸ್ಕಾರ್ಫ್ ಕಟ್ಟಿಕೊಂಡ ಅಳಿಯನನ್ನು ನೋಡಿದರು. ಸೆರಗು ಸಿಕ್ಕಿಸಿ ಅಡುಗೆಮನೆಗೆ ಹೋಗಿ ಎಣ್ಣೆ ಕಾಸಿದರು. ಅವರು ಬಾಗಿಲಾಚೆಯಿಂದ ಹೇಳಿಕೊಟ್ಟಂತೆ ಯಾದಗಿರಿ ನನ್ನ ನಡ ತಿಕ್ಕಿದ. ಬಿಸಿನೀರಿನ ಶಾಖವಾಯಿತು. ಆಮೇಲೆ ಅಂಟಿನುಂಡಿಯನ್ನು ಒರಳಿನಲ್ಲಿ ಕುಟ್ಟಿ ನನ್ನ ಮುಂದಿಟ್ಟರು.

ಮರುದಿನ ಬೆಳಿಗ್ಗೆ ಚಹಾ ಕುಡಿಯುತ್ತಾ ಅತ್ತೆ ಹೇಳಿದರು: "ಬಾಣಂತನ ಇಲ್ಲೇ ಆಗ್ಲಿ. ನಾ ಇಲ್ಲೇ ಇರ್ತೀನಿ."

ವಿದ್ಯಾ ತಾಯಿಯನ್ನು ತಬ್ಬಿಕೊಂಡಳು. ನಾನು ಹೆಮ್ಮೆಯಿಂದ ತಲೆ ಎತ್ತಿದೆ. ನಡ ಚಳಕ್ ಎಂದಿತು.

"ಅಂದ್ರ ನನ್ನ ತಯಾರಿ ಪಸಂದ ಬಂತ್ರಿ?"

"ಎಲ್ಲೀ ತಯಾರೀರಿ ಅಳಿಯಾರ! ಇಕಿನ್ನ ಕರಕೊಂಡು ಹೋದ್ರ ನಿಮ್ಮನ್ನ ನೋಡವ್ರು ಯಾರು? ಇಡೀ ಬಿಲ್ಡಿಂಗ್ ಸುಟ್ಟೀರಿ!"

ಹೆರಿಗೆಗೆ ಇನ್ನೂ ಎರಡು ತಿಂಗಳಿತ್ತು. ನಮ್ಮ ಮನೆಯ ಮೊದಲ ಬಾಣಂತಿ ಮಾತ್ರ ಆಗಲೇ ಕಿವಿಗೆ ಸ್ಕಾರ್ಫ್ ಕಟ್ಟಿಕೊಂಡು, ಕುಟ್ಟಿದ ಉಂಡಿ ಚೀಪುತ್ತಾ ಮಲಗಿದ್ದ!