ಮಾವನ ಮನೆಯ ಫೈರ್‌ವಾಲ್

ಕೊಳ್ಳೇಗಾಲದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟವನಿಗೆ ಇಂಥ ಪಜೀತಿಗಳು ಒಂದಲ್ಲ ಒಂದು ಆಗುತ್ತಲೇ ಇರುತ್ತವೆ. ಬೇರೆಯವರ ಮನೆಯಲ್ಲಾದರೆ ಬಿಲ್ ಕೊಟ್ಟು ಎದ್ದು ಬರಬಹುದು. ಮಾವನ ಮನೆಯಲ್ಲಾದರೆ ಬಿಲ್ಲೂ ಇಲ್ಲ, ಊಟ ಮಾಡದೆ ಏಳುವ ಹಾಗೂ ಇಲ್ಲ. ಈಗ ಹೇಳುವುದೆಲ್ಲ ಎರಡನೇ ಬಗೆಯದು.

ನಮ್ಮ ಮಾವ ಕಾಮಗೆರೆಯಲ್ಲಿ ಅರಿಶಿನ ಬೆಳೆಯುತ್ತಾರೆ. ಯಾರು ಏನು ಹೇಳಿದರೂ ನಂಬುತ್ತಾರೆ, ನನ್ನನ್ನು ಬಿಟ್ಟು. ಅತ್ತೆಯ ಎರಡು ಮಂಡಿಯೂ ಸವೆದಿವೆ. ಎರಡಕ್ಕೂ ಆಪರೇಷನ್ ಮಾಡಿಸಬೇಕು ಅಂತ ಮಾವ ಬ್ಯಾಂಕಿನಲ್ಲಿ ದುಡ್ಡು ಕೂಡಿಟ್ಟಿದ್ದರು. ಒಂದು ದಿನ ಅವರ ಫೋನಿಗೆ ‘ನಿಮ್ಮ ಕರೆಂಟ್ ಕಟ್ ಆಗಲಿದೆ, ಈ ಲಿಂಕ್ ಒತ್ತಿ’ ಅಂತ ಮೆಸೇಜು ಬಂತು. ಒತ್ತಿದರು. ಎಡಮಂಡಿಯ ದುಡ್ಡು ಹೋಯಿತು. ಉಳಿದದ್ದು ಬಲಮಂಡಿಯದು.

“ಆ ದುಡ್ಡೂ ಓದ್ರೆ ನಮ್ಮವ್ವ ಎದ್ದು ಓಡಾಡೋದೆಂಗೆ? ಊರ್ನೋರ ಕಂಪ್ಯೂಟರೆಲ್ಲ ನೋಡ್ತೀರಿ, ನಮ್ಮಪ್ಪನ ಮನೇದು ನೋಡಕಾಗಲ್ವಾ?” ಅಂದಳು ನನ್ನ ಹೆಂಡತಿ. ಅಲ್ಲಿಗೆ ನನ್ನ ಭಾನುವಾರಗಳು ಮುಗಿದವು.

ಮಾವನ ಮನೆಯ ಅಟ್ಟದ ಮೇಲೆ ಹೆಂಡತಿಯ ಕಾಲೇಜು ಕಾಲದ ಹಳೇ ಕಂಪ್ಯೂಟರ್ ಬಿದ್ದಿತ್ತು. ಅದನ್ನೇ ಫೈರ್‌ವಾಲ್ ಮಾಡುವುದು ಅಂದುಕೊಂಡೆ. ಹೊರಗಿನಿಂದ ಬರುವ ನೆಟ್ ತಂತಿ ನೇರವಾಗಿ ವೈಫೈಗೆ ಹೋಗುವ ಬದಲು ಈ ಪೆಟ್ಟಿಗೆಯನ್ನು ಹಾದು ಹೋಗಬೇಕು. ಕಾಡಿನ ಚೆಕ್‌ಪೋಸ್ಟಿನಲ್ಲಿ ಲಾರಿ ನಿಲ್ಲಿಸಿ ನೋಡುವ ಹಾಗೆ ಅದು ಬಂದದ್ದನ್ನೆಲ್ಲ ನಿಲ್ಲಿಸಿ ನೋಡಿ, ಕಳ್ಳ ಲಿಂಕನ್ನು ಅಲ್ಲೇ ತಡೆಯುತ್ತದೆ. ಮಾವನ ಸಿಮ್ಮಿಗೆ ಬರೀ ಮಾತಾಡುವ ಪ್ಯಾಕ್ ಹಾಕಿಸಿದೆ. ನೆಟ್ ಬೇಕೆಂದರೆ ಪೆಟ್ಟಿಗೆ ದಾಟಿಯೇ ಬರಲಿ ಅಂತ. ಹೇಳುವುದಕ್ಕೇನು, ಸುಲಭ.

ಇಲಿ

ಅಟ್ಟದಿಂದ ಪೆಟ್ಟಿಗೆ ಇಳಿಸಿ, ಹಜಾರದಲ್ಲಿಟ್ಟು ಪಕ್ಕದ ತಗಡು ಬಿಚ್ಚಿದೆ. ಒಳಗೆ ಇಲಿ ಸಂಸಾರ ಮಾಡಿ ಹೋಗಿತ್ತು. ಹಳೇ ಸೀರೆಯ ಚೂರು, ಹಲಸಂದೆ ಕಾಳು, ನಮ್ಮ ಮದುವೆಯ ಲಗ್ನಪತ್ರಿಕೆಯ ಅರ್ಧ. ನನ್ನ ಹೆಸರಿದ್ದ ಅರ್ಧವನ್ನೇ ತಿಂದಿತ್ತು.

ಮಾವ ಕುರ್ಚಿಯಲ್ಲಿ ಕೂತು ನೋಡುತ್ತಿದ್ದರು. “ಇದು ಏನ್ ಮಾಡದೆ ಅಂದ್ರಿ ಅಳಿಯಂದ್ರೇ?”

“ಕಳ್ಳರನ್ನ ಮನೆಯೊಳಗೆ ಬಿಡಲ್ಲ ಮಾವ.”

ಅವರು ಆ ಗೂಡನ್ನು ನೋಡಿದರು. ನನ್ನನ್ನು ನೋಡಿದರು.

“ಇಲಿ ತಡಿಯಾಕ್ ಆಗ್ದೆ ಇರೋ ಪೆಟ್ಗೆ ಕಳ್ಳುನ್ನ ತಡೆದದಾ?”

ಬಸ್ಸು

ಪೆಟ್ಟಿಗೆಯನ್ನು ಅಂಗಡಿಗೆ ತಂದು ಊದಿ, ಒರೆಸಿ, ಇನ್ನೊಂದು ನೆಟ್‌ವರ್ಕ್ ಕಾರ್ಡ್ ಕೂರಿಸಿ, ಮತ್ತೆ ಕಾಮಗೆರೆ ಮೇಲೆ ಹೋಗುವ ಹನೂರು ಬಸ್ ಹತ್ತಿದೆ. ಸೀಟಿಲ್ಲ. ಪೆಟ್ಟಿಗೆಯನ್ನು ಎದೆಗೆ ಅವುಚಿಕೊಂಡು ನಿಂತೆ. ಬೆವರು ಅದರ ಮೇಲೆ ಬೀಳುತ್ತಿತ್ತು, ಒರೆಸಿಕೊಳ್ಳಲು ಕೈಯಿಲ್ಲ.

“ಅದೇನ್ ಸಾ?” ಅಂದ ಕಂಡಕ್ಟರ್.

ಸುಸ್ತಾದವನು ಸುಳ್ಳು ಹೇಳಲಾರ. “ಮನೆ ಕಾವಲಿಗೆ,” ಅಂದೆ.

ಸೀಟಿನಲ್ಲಿ ಕೂತಿದ್ದ ಹನೂರು ಕಡೆಯ ರೈತರೊಬ್ಬರ ಕಿವಿ ನೆಟ್ಟಗಾಯಿತು. “ಕಾವ್ಲಾ? ಜೋಳದ ಒಲಕ್ಕೆ ಅಂದಿ ಬತ್ತವೆ ಸಾ. ತಡೆದದಾ?”

“ಇಲ್ಲ, ಇದು ಹಂದಿಗಲ್ಲ.”

“ಆನೆಗಾ?”

“ಆನೆಗೂ ಅಲ್ಲ.”

“ಮತ್ತೇನ್ ಬತ್ತದೆ ನಿಮ್ಮನೇಗೆ?”

ಕಣ್ಣಿಗೆ ಕಾಣದ ಕಳ್ಳರು ತಂತಿಯಲ್ಲಿ ಬರುತ್ತಾರೆ, ಅವರನ್ನು ಇದು ತಡೆಯುತ್ತದೆ ಅಂತ ವಿವರಿಸಿದೆ. ಅವರು ಎದ್ದು, ನನ್ನ ತೋಳು ಹಿಡಿದು ತಮ್ಮ ಸೀಟಿನಲ್ಲಿ ಕೂರಿಸಿ, ಕಂಡಕ್ಟರಿಗೆ ಮೆಲ್ಲಗೆ ಹೇಳಿದರು: “ಇವರ್ನ ಕಾಮಗೆರೆ ಆಸ್ಪತ್ರೆ ತಾವ ಜೋಪಾನವಾಗಿ ಇಳಿಸ್ಬುಡಪ್ಪ.”

ಜಗಲಿ

ಪೆಟ್ಟಿಗೆ ಕೂತಿತು, ಕೆಲಸವನ್ನೂ ಶುರು ಮಾಡಿತು. ನಾನು ಪೆಟ್ಟಿಗೆಯ ಪಟ್ಟಿಗೆ ಸೇರಿಸಿದ ಫೋನುಗಳಿಗೆ ಮಾತ್ರ ನೆಟ್, ಉಳಿದವಕ್ಕಿಲ್ಲ. ಮರುದಿನವೇ ಮಾವನ ಫೋನು.

“ಬೀದಿಯೋರೆಲ್ಲ ಮುನುಸ್ಕಂಡವ್ರೆ. ಎದ್ದು ಬನ್ನಿ.”

ಮಾವನ ಮನೆಯ ಜಗಲಿ ಸಂಜೆ ಹೊತ್ತು ಖಾಲಿ ಇರುವುದೇ ಇಲ್ಲ. ಯಾರು ಬಂದರೂ ಮೊದಲು ಮಜ್ಜಿಗೆ, ಆಮೇಲೆ ವೈಫೈ. ಅದು ಆ ಮನೆಯ ಪದ್ಧತಿ. ಈಗ ಮಜ್ಜಿಗೆ ಉಂಟು, ವೈಫೈ ಇಲ್ಲ. ನಾನು ಹೋದಾಗ ಬೀದಿಗೆ ಬೀದಿಯೇ ಜಗಲಿಯ ಮೇಲೆ ಮೂತಿ ಉಬ್ಬಿಸಿಕೊಂಡು ಕೂತಿತ್ತು.

ಎದುರುಮನೆಯ ಅಜ್ಜಿ ಕೇಳಿಯೇ ಬಿಟ್ಟಿತು: “ನಾವು ಕಳ್ಳರಾ ಸಾ?”

ಒಬ್ಬೊಬ್ಬರದೇ ಫೋನು ಇಸಿದುಕೊಂಡು ಪಟ್ಟಿಗೆ ಸೇರಿಸುತ್ತಾ ಕೂತೆ. ಹಾಲಿನ ಡೇರಿಯವರು ಬಂದರು, ಹಿಟ್ಟಿನ ಗಿರಣಿಯವರು ಬಂದರು, ಎದುರುಮನೆಯ ಅಜ್ಜಿ ಮಾಂಬಳ್ಳಿಯಿಂದ ಬಂದಿದ್ದ ತನ್ನ ಬೀಗಿತ್ತಿಯನ್ನೂ ಎಳೆದುಕೊಂಡು ಬಂತು. ಮುಗಿಸುವ ಹೊತ್ತಿಗೆ ಬೆನ್ನು ನನ್ನದಲ್ಲ. ಹೆಂಡತಿಗೊಂದು ಮೆಸೇಜು ಹಾಕೋಣ ಅಂತ ನನ್ನ ಫೋನು ತೆಗೆದರೆ ವೈಫೈಯೇ ಬರುತ್ತಿಲ್ಲ. ಎಲ್ಲರದೂ ಸೇರಿಸಿ ನನ್ನದನ್ನೇ ಮರೆತಿದ್ದೆ.

ಮಾವ ಬಗ್ಗಿ ನೋಡಿ ಸಮಾಧಾನ ಹೇಳಿದರು. “ನಿಮ್ಗೆ ಬರಲ್ಲ ಬುಡಿ. ನೀವ್ ಈ ಬೀದಿಯೋರಲ್ವಲ್ಲ.”

ಪಾಪದ ಮನುಷ್ಯ

ಮೊನ್ನೆ ಅಂಗಡಿಯಲ್ಲಿ ಯಾರದೋ ಪ್ರಿಂಟರ್ ಬಿಚ್ಚಿಕೊಂಡು ಕೂತಿದ್ದೆ. ಮಾವನ ಫೋನು ಬಂತು.

“ಅಳಿಯಂದ್ರೇ, ನಿಮ್ ಪೆಟ್ಗೆ ಒಬ್ರುನ್ನ ಒಳೀಕೆ ಬುಡ್ತಾ ಇಲ್ಲ.”

“ಯಾರನ್ನ ಮಾವ?”

“ಬ್ಯಾಂಕ್ನೋರು. ಲಿಂಕ್ ಕಳ್ಸವ್ರೆ. ಒತ್ತುದ್ರೆ ಕೆಂಪು ಬೋರ್ಡ್ ಬತ್ತದೆ.”

ಸ್ಕ್ರೂಡ್ರೈವರ್ ಎಸೆದು ಎದ್ದೆ. “ಮುಟ್ಟಬೇಡಿ ಮಾವ! ದಮ್ಮಯ್ಯ!”

“ಮುಟ್ಟದೇನ್ ಬಂತು, ಬೆಳಗ್ಗಿಂದ ಒತ್ತೀ ಒತ್ತೀ ಬೆರಳು ನೋಯ್ತಾದೆ. ಅವ್ರೂ ಪಾಪ, ಲಿಂಕಿನ ಮ್ಯಾಲೆ ಲಿಂಕ್ ಕಳುಸ್ತಾವ್ರೆ. ನಮ್ಮಳೀನೇ ಪೆಟ್ಗೆ ಮಡಗಿರೋದು, ಯೋಳಿ ಬುಡುಸ್ತೀನಿ ಅಂತ ಲೈನಲ್ಲೇ ನಿಲ್ಸಿವ್ನಿ. ಸೇರುಸ್ತೀನಿ, ಮಾತಾಡಿ.”

ಟಕ್ ಅಂತ ಮೂರನೇ ದನಿಯೊಂದು ಬಂತು. ಬಹಳ ಬಳಲಿದ ದನಿ. “ಸರ್, ದಯವಿಟ್ಟು ನಿಮ್ಮ ಸೆಟ್ಟಿಂಗ್‌ನಲ್ಲಿ ನಮ್ಮ ಸೈಟಿಗೆ ಪರ್ಮಿಷನ್ ಕೊಡಿ ಸರ್.”

ಇಷ್ಟು ವರ್ಷದ ಅಭ್ಯಾಸ ನೋಡಿ, ನನ್ನ ಬಾಯಿಂದ “ಏನ್ ಎರರ್ ಬರ್ತಿದೆ?” ಅಂತ ಬಂದೇ ಬಿಟ್ಟಿತು.

“ಎರರ್ ಇರ್ಲಿ ಸರ್. ಇವರು ನಿಮ್ಮ ಊರ್ಯಾವುದು, ಮಕ್ಕಳೆಷ್ಟು, ಊಟ ಮಾಡಿದ್ರಾ ಅಂತಲೇ ಬೆಳಗ್ಗಿಂದ ಕೇಳ್ತಿದಾರೆ. ನನಗೆ ಬೇರೆ ಕಾಲ್ ಮಾಡೋಕೇ ಬಿಡ್ತಿಲ್ಲ.”

ಒಂದು ಗಳಿಗೆ ನನಗೆ ಅವನ ಮೇಲೆ ಅಯ್ಯೋ ಅನ್ನಿಸಿತು. ಮಾವನ ಕೈಗೆ ಸಿಕ್ಕವರ ಕಷ್ಟ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮರುಗಳಿಗೆ ಅತ್ತೆಯ ಬಲಮಂಡಿ ನೆನಪಾಯಿತು. ಎಲ್ಲಿತ್ತೋ ಸಿಟ್ಟು, ಬಾಯಿಗೆ ಬಂದಂತೆ ಬೈದೆ. ಪೊಲೀಸು, ಜೈಲು, ಅವನ ವಂಶ, ಎಲ್ಲ ಬಂದವು. ಅವನು ಫೋನಿಟ್ಟ. ಮಾವನಿಂದ ಖಾತೆ ನೋಡಿಸಿದೆ. ದುಡ್ಡು ಇದ್ದಷ್ಟೂ ಇತ್ತು. ಸ್ಟೂಲಿನ ಮೇಲೆ ಕೂತೆ. ಆ ಹಳೇ ಪೆಟ್ಟಿಗೆ ಎದುರಿಗಿದ್ದರೆ ಮುದ್ದಾಡುತ್ತಿದ್ದೆ.

ಮಾವನಿಗೆ ಮಾತ್ರ ಬೇಜಾರು. “ಊಟ ಇಲ್ದೆ ಗೇಯ್ತಿದ್ದೋರ್ನ ಇಂಗಾ ಬಯ್ಯೋದು?”

“ಅವನು ಕಳ್ಳ ಮಾವ! ಅತ್ತೆ ಆಪರೇಷನ್ ದುಡ್ಡು ಹೊಡೆಯೋಕೆ ಬಂದಿದ್ದ!”

“ಕಳ್ಳ ಆಗಿದ್ರೆ ಅಷ್ಟೊತ್ತು ಕಾಯ್ತಿದ್ನಾ?” ಅಂದು ಫೋನಿಟ್ಟರು.

ಸಂಜೆ ಮತ್ತೆ ಅವರದೇ ಫೋನು. ದನಿ ಇಳಿದಿತ್ತು.

“ಅವ್ರಿಗೆ ಒಂದ್ ಸಮಾಧಾನ ಯೋಳಾನ ಅಂತ ಫೋನ್ ಮಾಡ್ದೆ. ಪಕ್ಕದ್ಮನೆ ಫೋನಿಂದ ಮಾಡುದ್ರೆ ರಿಂಗಾಯ್ತದೆ, ನಂದ್ರಿಂದ ಮಾತ್ರ ಓಯ್ತಾನೇ ಇಲ್ಲ.”

ಕಳ್ಳನೇ ನಮ್ಮ ಮಾವನ ನಂಬರನ್ನು ಬ್ಲಾಕ್ ಮಾಡಿದ್ದ. ಅದನ್ನು ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಮಾವ ನಿಟ್ಟುಸಿರು ಬಿಟ್ಟರು.

“ಪಾಪ, ಅವ್ರ ಮನೇಲೂ ಯಾವನೋ ಅಳಿಯ ಪೆಟ್ಗೆ ತಂದು ಮಡಗ್ಬುಟ್ಟವ್ನೆ.”